ಮಾಲಾ-ಡಿ ಎರಡು ಮಾತ್ರೆ ತಪ್ಪಿದೆ, ಅನುಭವ ಇರೋರು ಹೇಳಿ

ತುಮಕೂರಿನವಳು:
ಎಲ್ಲರಿಗೂ ನಮಸ್ಕಾರ. ಮಗುಗೆ ಎರಡೂವರೆ ವರ್ಷ, ಇನ್ನೊಂದು ಸದ್ಯಕ್ಕೆ ಬೇಡ ಅಂತ ಮಾಲಾ-ಡಿ ಗರ್ಭನಿರೋಧಕ ಮಾತ್ರೆ ತಗೋತಿದೀನಿ. ನಾದಿನಿ ಮನೆ ಗೃಹಪ್ರವೇಶಕ್ಕೆ ಹೋದಾಗ ಸ್ಟ್ರಿಪ್ ಬೀರುವಲ್ಲೇ ಉಳೀತು, ಮೂರನೇ ಸಾಲಲ್ಲಿ (ಅಂದ್ರೆ ಮೂರನೇ ವಾರದ್ದು) ಎರಡು ಬಿಳಿ ಮಾತ್ರೆ ತಪ್ಪಿದೆ, ಆ ಮಧ್ಯೆ ನಾವು ಸೇರಿದ್ದೂ ಆಯ್ತು. ಅದಕ್ಕೆ ಮುಂಚೆ ಒಂದೂ ತಪ್ಪಿಲ್ಲ. ನಮ್ಮನೆಯವ್ರು ಐ-ಪಿಲ್ (ಸೇರಿದ ಮೇಲೆ ತಗೊಳ್ಳೋ ತುರ್ತು ಮಾತ್ರೆ) ತರ್ತೀನಿ ಅಂತಿದಾರೆ. ಪ್ರೆಗ್ನೆಂಟ್ ಆಗೋ ಚಾನ್ಸ್ ಎಷ್ಟು? ಹೀಗೆ ಆಗಿರೋರು ದಯವಿಟ್ಟು ಹೇಳಿ.

ಹಾಸನ:
ಏನೂ ಆಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಂದು ಮೊದಲನೇ ಸಾಲು. ಹಳೇ ಪ್ಯಾಕ್ ಮುಗೀತು, ಮೆಡಿಕಲ್ ಸ್ಟೋರಲ್ಲಿ ಸ್ಟಾಕ್ ಇಲ್ಲ, ನಾಳೆ ಬನ್ನಿ ಮೇಡಂ ನಾಳೆ ಬನ್ನಿ ಅಂತ ಓಡಾಡಿಸಿದ, ಹೊಸ ಪ್ಯಾಕ್ ಶುರು ಮಾಡೋದು ಮೂರು ದಿನ ತಡ ಆಯ್ತು ಅಷ್ಟೇ, ಬಸುರಿ ಆದೆ. ಆಮೇಲೆ ಡಾಕ್ಟ್ರು ಹೇಳಿದ್ರು, ಕೊನೇ ಸಾಲಿನ ಏಳು ಕಬ್ಬಿಣದ ಮಾತ್ರೆಲಿ ಹಾರ್ಮೋನ್ ಇರಲ್ಲ, ಆ ಗ್ಯಾಪ್ ಏಳು ದಿನಕ್ಕಿಂತ ಜಾಸ್ತಿ ಆದ್ರೆ ಅಂಡಾಶಯ ಮತ್ತೆ ಕೆಲಸ ಶುರು ಮಾಡುತ್ತಂತೆ, ಅದಕ್ಕೇ ಗ್ಯಾಪ್ ಪಕ್ಕದ ಮಾತ್ರೆ ತಪ್ಪೋದೇ ಅತಿ ಡೇಂಜರ್. ಇದನ್ನ ಮೊದಲೇ ಯಾರು ಹೇಳ್ತಾರೆ? ಪ್ರೆಗ್ನೆನ್ಸಿ ಕಿಟ್ 55 ರೂಪಾಯಿ, ಡಾಕ್ಟರ್ ಫೀಸ್ ಪ್ರತಿ ಸಲ 500, ಸ್ಕ್ಯಾನ್ 1,100, ರಕ್ತ ಪರೀಕ್ಷೆ 650, ಅಬಾರ್ಷನ್ನಿಗೆ 9,000, ಹೋಗಿ ಬರೋ ಆಟೋ 180, ಆಯಮ್ಮಂಗೆ 200 ಬೇರೆ. ರಕ್ತ ನಿಲ್ಲಲಿಲ್ಲ ಅಂತ ಮತ್ತೆ ಸ್ಕ್ಯಾನ್, ಮತ್ತೆ 1,100. ಮನೆಯವ್ರಿಗೆ ರಜೆ ಇರ್ಲಿಲ್ಲ, ಸಂಬಳ ಕಟ್ ಆಯ್ತು. ಯಾರಿಗೂ ಹೇಳೋ ಹಾಗಿಲ್ಲ, ಅತ್ತೆ ಎದುರು ಹೊಟ್ಟೆನೋವು ಅಂತ ಮಲಗಿದ್ದೆ.

ಧಾರವಾಡ:
ದಿನಾ ದಿನಾ ಗುಳಿಗಿ ನುಂಗೂ ತ್ರಾಸ ಯಾಕ ಬೇಕ್ರಿ. ನಾ ಎರಡನೇ ಬಾಣಂತನ ಆದಮ್ಯಾಲೆ ಛಾಯಾ ಅನ್ನೂ ಗುಳಿಗಿ ಚಾಲೂ ಮಾಡೀನಿ. ಹಾರ್ಮೋನ್ ಇಲ್ಲ, ಲಖನೌದ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐದಾಗ ಕಂಡುಹಿಡದದ್ದು, ನಮ್ಮ ದೇಶದ್ದ ಗುಳಿಗಿ, ಸರಕಾರಿ ದವಾಖಾನ್ಯಾಗ ರೊಕ್ಕಾ ಕೊಡೂದಿಲ್ಲ. ಮೊದಲ ಮೂರು ತಿಂಗಳ ವಾರಕ್ಕ ಎರಡು, ಆಮ್ಯಾಲೆ ವಾರಕ್ಕ ಒಂದ. ಎದಿಹಾಲು ಕುಡಿಸವ್ರೂ ತಗೋಬಹುದು, ಮಾಲಾ-ಡಿ ಆದ್ರ ಕೂಸಿಗೆ ಆರು ತಿಂಗಳ ಆಗೂತನಕ ಬ್ಯಾಡ ಅಂತಾರ. ಒಂದ ತ್ರಾಸ ಅಂದ್ರ ಮುಟ್ಟು ಮುಂದ ಹೋಗತದ, ಪ್ರತಿ ಸರ್ತಿ ಎದಿ ಝಲ್ ಅಂತದ, ಕಿಟ್ ತರಸೂದು. ಒಮ್ಮೆ ಆಶಾ ಅಕ್ಕಾರ ಕಡೆ ಸ್ಟಾಕ್ ಖಾಲಿ ಆಗಿ ವಾರದ ಮ್ಯಾಲೆ ತಡ ಆತು, ಮತ್ತ ಮೊದಲಿಂದ ವಾರಕ್ಕ ಎರಡರಂಗ ಮೂರು ತಿಂಗಳ ತಗೋ ಅಂದ್ರು. ತಗೊಂಡೆ. ಬಸರ ಅಂತೂ ಆಗಲಿಲ್ಲ.

ಲೆಸ್ಟರ್ ಕನ್ನಡತಿ:
ಇಷ್ಟೊಂದು ಹೆದರೋದು ಬೇಡ. ಇಲ್ಲಿ ಇಂಗ್ಲೆಂಡಲ್ಲಿ ನಾನು ಡೆಸೊಜೆಸ್ಟ್ರೆಲ್ ಅನ್ನೋ ಗರ್ಭನಿರೋಧಕ ಮಾತ್ರೆ ತಗೋತೀನಿ, ಊರಿಗೆ ಬಂದಾಗ ಟೈಮ್ ಝೋನ್ ಎಲ್ಲಾ ತಲೆಕೆಳಗು, ಆದ್ರೂ ಮಾಮೂಲಿ ಟೈಮಿಂದ 12 ಗಂಟೆ ಒಳಗೆ ತಗೊಂಡ್ರೆ ಏನೂ ಇಲ್ಲ. ಅದು ದಾಟಿದ್ರೆ ಎರಡು ದಿನ ಕಾಂಡೋಮ್, ಅಷ್ಟೇ. ಒಂದು ಸಲ ದೋಹಾದಲ್ಲಿ ಫ್ಲೈಟ್ ತಪ್ಪಿ ಮಾತ್ರೆ ಚೆಕ್-ಇನ್ ಬ್ಯಾಗಲ್ಲಿ ಹೋಯ್ತು, ಅವತ್ತಿಂದ ಒಂದು ಸ್ಟ್ರಿಪ್ ಪರ್ಸಲ್ಲಿ, ಒಂದು ಬ್ಯಾಗಲ್ಲಿ.

ಹಾಸನ:
ಲೆಸ್ಟರ್ ಮೇಡಂ, ನಿಮ್ಮ ಮಾತ್ರೆಯೇ ಬೇರೆ. ಅದ್ರಲ್ಲಿ ಒಂದೇ ಹಾರ್ಮೋನ್, ಗ್ಯಾಪೇ ಇಲ್ಲ. ಮಾಲಾ-ಡಿ ಎರಡು ಹಾರ್ಮೋನಿಂದು, ಒಂದು ಮಾತ್ರೆ ಒಂದು ದಿನ ತಡ ಆದ್ರೂ ನಡಿಯುತ್ತೆ, ಎರಡು ತಪ್ಪಿದ್ರೆ ಏಳು ದಿನ ಕಾಂಡೋಮ್ ಬೇಕು. ಎರಡು ದಿನ ಸಾಕು ಅಂದ್ಕೊಂಡು ಇವರು ಸುಮ್ಮನಾದ್ರೆ ಆಸ್ಪತ್ರೆ ಬಿಲ್ ನೀವು ಕಟ್ತೀರಾ?

ಲೆಸ್ಟರ್ ಕನ್ನಡತಿ:
ನಂದು ಡೆಸೊಜೆಸ್ಟ್ರೆಲ್ ಅಂತ ಬರೆದೇ ಹೇಳಿದೀನಿ. ನಿಮ್ಮ ನೋವು ಅರ್ಥ ಆಗುತ್ತೆ, ಅದನ್ನ ನನ್ನ ಮೇಲೆ ತೀರಿಸ್ಕೋಬೇಡಿ.

ಮಂಡ್ಯ ಮಗಳು:
ನಾನು ಒಂದು ಮಾತ್ರೆನೂ ತಪ್ಪಿಸಿಲ್ಲ, ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟು ನುಂಗ್ತಿದ್ದೆ, ಆದ್ರೂ ಬಸುರಿ ಆದೆ. ಟಿಬಿ ಅಂತ ರಿಫಾಂಪಿಸಿನ್ ಕೊಟ್ಟಿದ್ರು. ಅದು ಹಾರ್ಮೋನನ್ನ ಲಿವರಲ್ಲೇ ಬೇಗ ಕರಗಿಸಿಬಿಡುತ್ತಂತೆ. ಬೇರೆ ಏನು ಮಾತ್ರೆ ತಗೋತೀಯಮ್ಮ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಬೇರೆ ಡಾಕ್ಟ್ರು ಹೇಳಿದ್ರು, ಫಿಟ್ಸ್ ಮಾತ್ರೆ ಕೆಲವಕ್ಕೂ ಹೀಗೇ. ಕಾಪರ್-ಟಿ ಹಾಕಿಸ್ಕೊಳ್ಳಿ, ಅದಕ್ಕೆ ಯಾವ ಮಾತ್ರೆ ತೊಂದ್ರೆನೂ ಇಲ್ಲ. ನನ್ನ ಮಗನಿಗೆ ಈಗ ನಾಲ್ಕು ವರ್ಷ, ಅವನನ್ನ ಬಿಟ್ಟಿರಕ್ಕಾಗಲ್ಲ, ಆದ್ರೆ ಆ ಒಂಬತ್ತು ತಿಂಗಳು ಟಿಬಿ ಜೊತೆ ಬಸುರಿತನ ನನ್ನ ಶತ್ರುವಿಗೂ ಬೇಡ.

ಧಾರವಾಡ:
ನಂಗ ಗೊತ್ತದರೀ, ಯಾವ ಆಂಟಿಬಯೋಟಿಕ್ ತಗೊಂಡ್ರೂ ಈ ಗರ್ಭನಿರೋಧಕ ಗುಳಿಗಿ ಎಲ್ಲಾ ಕೆಲಸ ಮಾಡೂದಿಲ್ಲ.

ಹಳೇ ಸಿಸ್ಟರ್:
ಧಾರವಾಡದ ತಾಯಿ, ಹಂಗೆ ಹೇಳಬೇಡಿ. ನೆಗಡಿ ಜ್ವರಕ್ಕೆ ಕೊಡೋ ಅಮಾಕ್ಸಿಸಿಲಿನ್ ಇಂಥವು ಏನೂ ಮಾಡಲ್ಲ. ನುಂಗಿದ ಮೂರು ಗಂಟೆ ಒಳಗೆ ವಾಂತಿ ಆದ್ರೆ ಮಾತ್ರ ಇನ್ನೊಂದು ಮಾತ್ರೆ ತಗೋಬೇಕು. ಇಂಥ ಮಾತು ಕೇಳಿ ಎಷ್ಟೋ ಹೆಣ್ಣುಮಕ್ಕಳು ಮಾತ್ರೆನೇ ಬಿಟ್ಟುಬಿಟ್ರು, ಸಬ್ ಸೆಂಟರಲ್ಲಿ ಇದ್ದಾಗ ಕಣ್ಣಾರೆ ನೋಡಿದೀನಿ. ಎಲ್ಲರೂ ನಿಮ್ಮ ನಿಮ್ಮ ಕತೆ ಹೇಳ್ತಿದೀರಿ, ಆ ಹುಡುಗಿ ಕೇಳಿದ್ದು ಮೂರನೇ ಸಾಲು. ನೋಡಮ್ಮ, ತಪ್ಪಿದ್ದರಲ್ಲಿ ಕೊನೇದನ್ನ ಈಗ್ಲೇ ನುಂಗು, ಇವತ್ತಿಂದು ಇವತ್ತಿನ ಹೊತ್ತಿಗೆ, ಒಂದೇ ದಿನ ಎರಡಾದ್ರೂ ಪರವಾಗಿಲ್ಲ. ಬಿಳಿ ಮಾತ್ರೆ ಮುಗಿಸಿ ಕೊನೇ ಸಾಲಿನ ಕಬ್ಬಿಣದ ಮಾತ್ರೆ ಏಳೂ ಬಿಟ್ಟು ಮಾರನೇ ದಿನಾನೇ ಹೊಸ ಪ್ಯಾಕ್ ಶುರು ಮಾಡು, ಆಗ ಗ್ಯಾಪೇ ಬೀಳಲ್ಲ. ಏಳು ದಿನ ಕಾಂಡೋಮ್. ಹಿಂದಿಂದೆಲ್ಲ ಸರಿಯಾಗಿ ತಗೊಂಡಿದ್ರೆ ಐ-ಪಿಲ್ ಬೇಕಾಗಲ್ಲ, ಹಾಸನದವರ ಹಾಗೆ ಮೊದಲ ಸಾಲಲ್ಲಿ ಆಗಿದ್ರೆ ಸೇರಿದ 72 ಗಂಟೆ ಒಳಗೆ ಆದಷ್ಟು ಬೇಗ ತಗೋ ಅಂತಿದ್ದೆ. ಈ ತಿಂಗಳು ಮುಟ್ಟು ಬರದೇ ಇರಬಹುದು, ಗಾಬರಿ ಆಗ್ಬೇಡ, ಅನುಮಾನ ಇದ್ರೆ ಸೇರಿದ ದಿನದಿಂದ ಮೂರು ವಾರ ಬಿಟ್ಟು ಕಿಟ್ ಹಾಕು. ಒಂದೂ ತಪ್ಪದೆ ತಗೊಂಡ್ರೆ ವರ್ಷಕ್ಕೆ 100 ಜನರಲ್ಲಿ ಒಬ್ಬರಿಗೂ ಗರ್ಭ ನಿಲ್ಲಲ್ಲ, ಎಲ್ಲರೂ ತಗೊಳ್ಳೋ ರೀತಿ ತಗೊಂಡ್ರೆ ಸುಮಾರು 7 ಜನಕ್ಕೆ ನಿಲ್ಲುತ್ತೆ.

ತುಮಕೂರಿನವಳು:
ಥ್ಯಾಂಕ್ಸ್ ಸಿಸ್ಟರ್. ಮಾತ್ರೆ ತಗೊಂಡೆ, ಹೊಸ ಪ್ಯಾಕ್ ತರಕ್ಕೆ ಹೇಳಿದೀನಿ.

ಶಿವಮೊಗ್ಗ ಅಪ್ಪ:
ಇಷ್ಟು ಜನ ಹೆಣ್ಣುಮಕ್ಕಳು ಕಷ್ಟ ಪಟ್ಟಿದೀರಿ, ಒಬ್ಬ ಗಂಡಸೂ ಮಾತಾಡಿಲ್ಲ. ಎರಡು ಮಕ್ಕಳಾದ ಮೇಲೆ ನಾನೇ ಗಂಡಸರ ಸಂತಾನಹರಣ ಆಪರೇಷನ್ ಎನ್‌ಎಸ್‌ವಿ ಮಾಡಿಸ್ಕೊಂಡೆ, ಹೊಲಿಗೆ ಇಲ್ಲ, ಸಂಜೆ ಮನೆಗೆ ಬಂದೆ. ನಮ್ಮಮ್ಮ ತಿಂಗಳುಗಟ್ಟಲೆ ಮಾತು ಬಿಟ್ರು.

ಧಾರವಾಡ:
ಆಕಿಗೆ ಇನ್ನೊಂದು ಕೂಸು ಆಮ್ಯಾಲೆ ಬೇಕಾಗಬಹುದು, ನೀವು ಆಪರೇಷನ್ ಮಾತು ಯಾಕ ತಂದ್ರಿ? ಗಂಡಸರು ಅದನ್ನ ಮಾಡಿಸಿಕೊಂಡ್ರ ಶಕ್ತಿ ಹೋಗತದ, ನಮ್ಮ ಮಾವನ ತಮ್ಮಗ ಸೊಂಟನೋವು ಬಿಟ್ಟಿಲ್ಲ.

ಶಿವಮೊಗ್ಗ ಅಪ್ಪ:
ಶಕ್ತಿ ಹೋಗಲ್ಲ ಅಕ್ಕ, ಅಡಿಕೆ ತೋಟದ ಕೆಲಸ ನಾನೇ ಮಾಡ್ತೀನಿ. ಮೂರು ತಿಂಗಳು ಬೇರೆ ಏನಾದ್ರೂ ಬಳಸ್ಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸ್ಬೇಕು, ಅಷ್ಟೇ.

ಹಾಸನ:
ಅಣ್ಣಾ, ಆ ಪರೀಕ್ಷೆಗೆ ಎಷ್ಟು ತಗೊಂಡ್ರು? ನಮ್ಮನೆಯವ್ರಿಗೆ ಇದನ್ನ ಓದಿಸ್ತೀನಿ.