ಮೊದಲ ವರ್ಷದ ಹೋಮರ್ ಪಾರಿವಾಳದ ಮರಿಗಳು, ದೂರದ ರೇಸು: ಅನುಭವ ಇರೋರು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬೆಂಗಳೂರಿನ ಬನಶಂಕರಿ ಕಡೆ. ನಮ್ಮ ಗೂಡಿನಲ್ಲೇ ಹುಟ್ಟಿದ ಸುಮಾರು ಇಪ್ಪತ್ತು ಹೋಮರ್ (ದೂರ ಬಿಟ್ಟರೂ ಮನೆಗೆ ವಾಪಸ್ ಬರೋ ರೇಸ್ ಪಾರಿವಾಳ) ಮರಿಗಳಿವೆ, ಎಲ್ಲದರ ಕಾಲಿಗೂ ಈ ವರ್ಷದ ನಂಬರ್ ಇರೋ ರಿಂಗ್ ಹಾಕಿದ್ದೀನಿ. ಮನೆ ಸುತ್ತ ಚೆನ್ನಾಗಿ ಹಾರುತ್ತಿವೆ. ಬರೋ ಸೀಸನ್ನಿಗೆ ಹೈದರಾಬಾದಿನಿಂದ ಹಾರಿಸಬೇಕು ಅಂತ ಆಸೆ. ಟಾಸ್, ಅಂದ್ರೆ ದೂರ ಒಯ್ದು ಬಿಟ್ಟು ಮನೆಗೆ ಹಾರಿಸೋ ಅಭ್ಯಾಸ, ಎಲ್ಲಿಂದ ಶುರು ಮಾಡಲಿ? ಕಾಳು ಏನು ಹಾಕಲಿ? ಹಿರಿಯರು ತಿಳಿಸಿ.

ಯಲಹಂಕದಿಂದ

ತಮ್ಮಾ, ಹೈದರಾಬಾದ್ ಆಕಾಶದ ದಾರಿಯಲ್ಲೇ 500 ಕಿಲೋಮೀಟರ್. ಗಂಟೆಗೆ 60–70 ಕಿಲೋಮೀಟರ್ ಹೋಗೋ ಒಳ್ಳೇ ಹಕ್ಕಿಗೂ ಏಳೆಂಟು ಗಂಟೆ ಬಿಡದೆ ರೆಕ್ಕೆ ಬಡಿಯೋ ಕೆಲಸ. ಆ ಮಾತು ಆಮೇಲೆ ಆಡೋಣ. ಮೊದಲು ಇದು ಹೇಳು: ಹಾರಿ ಬಂದ ಮರಿಗಳು ಇಳಿದ ಕೂಡಲೇ ಟ್ರ್ಯಾಪಿನೊಳಗೆ (ಒಳಗೆ ಮಾತ್ರ ಬಿಡೋ ಗೂಡಿನ ಬಾಗಿಲು) ನುಗ್ಗುತ್ತವಾ, ಇಲ್ಲ ಪಕ್ಕದ ಮನೆ ಟ್ಯಾಂಕ್ ಮೇಲೆ ಕೂತು ಮೈ ಕೆದರಿಕೊಳ್ಳುತ್ತವಾ? ಟ್ಯಾಂಕ್ ಮೇಲೆ ಕೂರೋ ಮರಿಯನ್ನ ಟಾಸ್‌ಗೆ ಒಯ್ಯಲೇಬೇಡ. ರೇಸಿನಲ್ಲಿ ನಿಮಿಷಕ್ಕೆ ಎಷ್ಟು ಮೀಟರ್ ಅಂತ ಲೆಕ್ಕ. ಹಕ್ಕಿ ಮಹಡಿ ಮೇಲೆ ಕಾಣಿಸಿದ ಹೊತ್ತು ಲೆಕ್ಕಕ್ಕಿಲ್ಲ, ಒಳಗೆ ಬಂದು ರಿಂಗ್ ದಾಖಲಾದ ಹೊತ್ತೇ ಲೆಕ್ಕ. ಅಷ್ಟು ದೂರ ಹಾರಿ ಬಂದು ಮನೆ ಎದುರಲ್ಲೇ ಹತ್ತು ನಿಮಿಷ ಕಳೆದುಕೊಂಡರೆ ಹೊಟ್ಟೆ ಉರಿಯುತ್ತೆ.

ಇದಕ್ಕೆ ಉಪಾಯ ಕಾಳಿನ ಡಬ್ಬಿಯಲ್ಲೇ ಇದೆ. ಗೂಡಿನಲ್ಲಿ ಇಡೀ ದಿನ ಕಾಳು ಬಿದ್ದಿರಬಾರದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಡು, ಡಬ್ಬಿ ಅಲ್ಲಾಡಿಸು, ಒಳಗೆ ಬಂದವಕ್ಕೆ ಮಾತ್ರ ಹಾಕು. ದಿನಾ ಅದೇ ಸದ್ದು, ಅದೇ ಹೊತ್ತು. ಹಾಗಂತ ಉಪವಾಸ ಕೆಡವಬೇಡ, ಬೆಳೆಯೋ ಮರಿ ಅದು.

ಕೆಲವು ವಾರ ಕಳೆದ ಮೇಲೆ ಗುಂಪು ಕಣ್ಣಿಗೆ ಕಾಣದಷ್ಟು ದೂರ ಹೋಗಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು ದಿಕ್ಕಿನಿಂದ ಬರೋಕೆ ಶುರು ಮಾಡುತ್ತೆ. ಆಗ ಟಾಸ್‌ಗೆ ಹೊತ್ತು ಬಂತು ಅಂತ ತಿಳಿ. ಅದಕ್ಕೂ ಮುಂಚೆ ಒಂದೆರಡು ರಾತ್ರಿ ಮನೆಯಲ್ಲೇ ಬುಟ್ಟಿಯಲ್ಲಿ ಮಲಗಿಸು, ನೀರಿನ ತೊಟ್ಟಿ ಬುಟ್ಟಿಯ ಹೊರಗೆ ನೇತುಹಾಕಿ ಸರಳಿನ ಸಂದಿಯಿಂದ ಕತ್ತು ಹಾಕಿ ಕುಡಿಯೋದು ಕಲಿಸು. ಇದನ್ನ ತುಂಬಾ ಜನ ಬಿಟ್ಟುಬಿಡುತ್ತಾರೆ. ರೇಸಿಗೆ ಒಯ್ಯೋ ಲಾರಿಯಲ್ಲಿ ಒಂದು ರಾತ್ರಿ ನೀರು ಕುಡಿಯದ ಮರಿ, ಬಿಸಿಲೇರಿದ ಮೇಲೆ ಯಾವುದೋ ಕೆರೆ ಕಂಡು ಇಳಿಯುತ್ತೆ. ಇಳಿದದ್ದು ವಾಪಸ್ ಬರೋದು ಅನುಮಾನ.

ಮೊದಲು ಐದು, ಆಮೇಲೆ ಹತ್ತು, ಇಪ್ಪತ್ತು ಕಿಲೋಮೀಟರ್, ಎಲ್ಲಾ ಉತ್ತರ ದಿಕ್ಕಿಗೇ. ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ ಎಲ್ಲೂ ಬುಟ್ಟಿ ತೆರೆಯಬೇಡ, ಅದು ದೊಡ್ಡ ಅಪಾಯ. ದಾಟಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗು. ಅಲ್ಲಿಂದ ಬಾಗೇಪಲ್ಲಿ, ಪೆನುಕೊಂಡ, ಅನಂತಪುರ. ನಿನ್ನ ಮನೆಗೆ ಬಾಗೇಪಲ್ಲಿ 100ರ ಹತ್ತಿರ, ಅನಂತಪುರ 200ರ ಹತ್ತಿರ. ಒಂದು ಜಾಗದಿಂದ ನೇರವಾಗಿ ಬರೋವರೆಗೂ ಮುಂದಿನ ಜಾಗಕ್ಕೆ ಹೋಗಬೇಡ. ಹಕ್ಕಿಗಳು ಸೂರ್ಯನನ್ನೂ ಭೂಮಿಯ ಕಾಂತವನ್ನೂ ನೋಡಿಕೊಂಡು ದಿಕ್ಕು ಹಿಡಿಯೋದು ನಿಜ, ಆದರೆ ಪರಿಚಯದ ನೆಲ ಬಂದ ಮೇಲೆ ಕಣ್ಣಿಗೆ ಕಂಡದ್ದನ್ನೂ ನಂಬುತ್ತವೆ. 2004ರಲ್ಲಿ ರೋಮ್ ಸುತ್ತಮುತ್ತ ಪಾರಿವಾಳಗಳ ಬೆನ್ನಿಗೆ ಜಿಪಿಎಸ್ ಕಟ್ಟಿ ನೋಡಿದ ಸಂಶೋಧಕರಿಗೆ ಅವು ಹೆದ್ದಾರಿ ಹಿಡಿದು ಹಾರೋದು ಕಂಡಿತ್ತು. ನಮಗೆ ಹೈದರಾಬಾದ್ ಹೆದ್ದಾರಿ ಉತ್ತರಕ್ಕೇ ಇದೆ, ಆ ದಾರಿಯ ಗುರುತು ಮರಿಗಳ ತಲೆಯಲ್ಲಿ ಕೂರಲಿ.

ಗುಂಪಿನಲ್ಲಿ ಬರೋದು ರೂಢಿಯಾದ ಮೇಲೆ ನಾಲ್ಕು ನಾಲ್ಕು ಬಿಡು, ಆಮೇಲೆ ಒಂದೊಂದೇ. ಗುಂಪಿನ ಹಿಂದೆ ಬಾಲ ಹಿಡಿದು ಬರೋ ಮರಿ ಯಾವುದು, ತಾನೇ ದಾರಿ ಹುಡುಕೋದು ಯಾವುದು ಅಂತ ಆಗ ಗೊತ್ತಾಗುತ್ತೆ.

ಶಿವಾಜಿನಗರದಿಂದ

ಅಣ್ಣ ಹೇಳಿದ್ದಕ್ಕೆ ಕಾಳಿನ ವಿಷಯ ಸೇರಿಸ್ತೀನಿ. ನಮ್ಮ ಮನೆಯಲ್ಲಿ ಹಾರಿಸೋದು ಯಜಮಾನರು, ಮೇವು, ಔಷಧಿ ಎಲ್ಲಾ ನಾನೇ. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಸಾಕು. ಬೆಳೆಯೋವಾಗ, ಗರಿ ಬರೋವಾಗ ಬಟಾಣಿ, ಹೆಸರುಕಾಳು, ಕಡಲೆ ಜಾಸ್ತಿ ಇರಲಿ. ದೂರ ಹಾರೋಕೆ ಬೇಕಾಗಿರೋದು ಕೊಬ್ಬು, ಗಂಟೆಗಟ್ಟಲೆ ಹಾರೋ ಹಕ್ಕಿಗೆ ಅದೇ ಇಂಧನ. ಅದಕ್ಕೆ ಬುಟ್ಟಿಗೆ ಹಾಕೋ ಎರಡು ಮೂರು ದಿನ ಮುಂಚೆ ಮೆಕ್ಕೆಜೋಳ ಏರಿಸಿ, ಕುಸುಬೆ, ಸ್ವಲ್ಪ ಶೇಂಗಾ ಕೊಡ್ತೀನಿ. ವಾರವಿಡೀ ಕೊಟ್ಟರೆ ಮೈ ಭಾರ ಆಗಿ ಹಾರೋಕೇ ಸೋಮಾರಿತನ ಬರುತ್ತೆ. ಶೇಂಗಾ, ಮೆಕ್ಕೆಜೋಳ ಮೂಸಿ ನೋಡಿ ಹಾಕಿ. ಬೂಷ್ಟು ಹಿಡಿದದ್ದು ವಿಷ, ಲಿವರ್ ಹೋಗುತ್ತೆ.

ಟಾಸ್ ಶುರು ಮಾಡೋ ಕೆಲವು ವಾರ ಮುಂಚೆನೇ ಕತ್ತು ತಿರುಗೋ ರೋಗದ ಲಸಿಕೆ ಹಾಕಿಸಿಬಿಡಿ. ಬೇರೆ ಬೇರೆ ಗೂಡಿನ ಹಕ್ಕಿ ಒಂದೇ ಬುಟ್ಟಿಯಲ್ಲಿ ಒಂದೇ ತೊಟ್ಟಿ ನೀರು ಕುಡಿಯುತ್ತವೆ, ಗಂಟಲಲ್ಲಿ ಹಳದಿ ಗಡ್ಡೆ ಬರೋ ಕ್ಯಾಂಕರ್ ಹೀಗೇ ಹರಡೋದು. ಪ್ರತಿ ಸಲ ವಾಪಸ್ ಬಂದ ಮೇಲೆ ಬಾಯಿ ತೆರೆದು ನೋಡಿ. ಔಷಧಿ ಮಾತ್ರ ಪಶುವೈದ್ಯರು ಹೇಳಿದ ಮೇಲೆ. ಎಲ್ಲರೂ ಹಾಕ್ತಾರೆ ಅಂತ ನೀರಿಗೆ ಸುರಿಯೋದು ನನಗೆ ಸರಿ ಕಾಣಲ್ಲ.

ಹೆಬ್ಬಾಳದಿಂದ

ಪಾರಿವಾಳ ಹಿಡಿಯೋ ಬೇಟೆ ಹಕ್ಕಿ ಡೇಗೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ರೇಸಿನ ಸೀಸನ್ನೂ ಉತ್ತರದಿಂದ ಡೇಗೆ ಬಂದು ಕೂರೋ ಕಾಲವೂ ಒಂದೇ. ಬಂಡೆ ಬೆಟ್ಟದ ಬುಡದಲ್ಲಿ ಬಿಡಬೇಡಿ, ಅದರಲ್ಲೂ ನಂದಿ, ಪೆನುಕೊಂಡ ಕಡೆ. ದಿನಾ ಅದೇ ಜಾಗ, ಅದೇ ಗಂಟೆ ಮಾಡಿದರೆ ಅದು ಕಾದು ಕೂರುತ್ತೆ. ಸಂಕ್ರಾಂತಿ ವಾರ ಆಂಧ್ರ, ತೆಲಂಗಾಣದ ಊರುಗಳಲ್ಲಿ ಆಕಾಶದ ತುಂಬಾ ಗಾಳಿಪಟ. ಮಾಂಜಾ ದಾರ ರೆಕ್ಕೆ ಕತ್ತರಿಸಿಬಿಡುತ್ತೆ. ಆ ವಾರ ಮರಿಗಳು ಗೂಡಲ್ಲೇ ಇರಲಿ.

ಬನಶಂಕರಿಯಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಮರಿಗಳು ಟ್ಯಾಂಕ್ ಮೇಲೆ ಕೂರೋದು ನಿಜ ಅಣ್ಣ, ಅದನ್ನ ಮೊದಲು ಸರಿ ಮಾಡ್ತೀನಿ. ಹಾಗಾದ್ರೆ ಹೈದರಾಬಾದ್ ಈ ವರ್ಷ ಬೇಡ್ವಾ?

ಯಲಹಂಕದಿಂದ

ಬೇಡ. ಮೊದಲ ವರ್ಷ ಅನಂತಪುರದವರೆಗೆ ಎಲ್ಲವನ್ನೂ ಹಾರಿಸು, ಒಂಟಿಯಾಗಿ ಚೆನ್ನಾಗಿ ಬಂದವನ್ನ ಮಾತ್ರ ಕರ್ನೂಲಿಗೆ ಕಳಿಸು. ಅದೇ 320 ದಾಟುತ್ತೆ, ಮರಿಗೆ ಅಷ್ಟು ಸಾಕು. ಬೆಲ್ಜಿಯಂನಲ್ಲೂ ಆ ವರ್ಷದ ಮರಿಗಳಿಗೆ, ಒಂದು ವರ್ಷದವಕ್ಕೆ, ದೊಡ್ಡವಕ್ಕೆ ಬೇರೆ ಬೇರೆ ಲೆಕ್ಕ ಇಟ್ಟಿದ್ದಾರೆ. ಕೆಲವರು ಮೊದಲ ವರ್ಷವೇ 500 ಹಾರಿಸಿ ಗೆದ್ದಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಗೆದ್ದ ಒಂದರ ಮಾತು ಆಡ್ತಾರೆ, ವಾಪಸ್ ಬರದೇ ಹೋದವುಗಳ ಮಾತು ಆಡಲ್ಲ. ಕರ್ನೂಲಿನಿಂದ ಅದೇ ದಿನ ಬಂದು, ಎರಡು ದಿನದಲ್ಲಿ ಮೈ ತುಂಬಿಕೊಂಡು ಮತ್ತೆ ಹಾರೋಕೆ ತವಕಿಸೋ ಹಕ್ಕಿ ಮುಂದಿನ ವರ್ಷ ಹೈದರಾಬಾದಿನಿಂದ ಖಂಡಿತ ಬರುತ್ತೆ ಅನ್ನೋ ಧೈರ್ಯ ನನಗಿದೆ.

ಕಳಿಸೋ ಹಿಂದಿನ ದಿನ ಒಂದೊಂದನ್ನೂ ಕೈಗೆ ತಗೊಂಡು ರೆಕ್ಕೆ ಬಿಡಿಸಿ ನೋಡು. ಹತ್ತು ದೊಡ್ಡ ಗರಿಗಳಲ್ಲಿ ಹೊರಗಿನವು ಅರ್ಧ ಬೆಳೆದಿದ್ದರೆ, ಬುಡದಲ್ಲಿ ಇನ್ನೂ ರಕ್ತ ಇದ್ದರೆ ಅದು ಮನೆಯಲ್ಲೇ ಇರಲಿ. ತಡವಾಗಿ ಹುಟ್ಟಿದ ಮರಿಗಳು ಈ ಪರೀಕ್ಷೆಯಲ್ಲೇ ನಿಂತುಹೋಗುತ್ತವೆ. ಮಾರ್ಚ್ ಕಳೆದ ಮೇಲೆ ಮರಿಗಳನ್ನ ಆ ಕಡೆ ಕಳಿಸಬೇಡ, ರಾಯಲಸೀಮೆಯಲ್ಲಿ 40 ಡಿಗ್ರಿ ದಾಟುತ್ತೆ. ಚಿಕ್ಕಬಳ್ಳಾಪುರದ ಟಾಸ್ ಆದ ಮೇಲೆ ಎಷ್ಟು ಹೊತ್ತಿಗೆ ಬಂದವು, ಯಾವುದು ನೇರ ಒಳಗೆ ಹೋಯಿತು ಅಂತ ರಿಂಗ್ ನಂಬರ್ ಸಮೇತ ಬರೆದಿಡು, ಇಲ್ಲೂ ಹಾಕು. ನೋಡಿ ಮುಂದಿನದು ಹೇಳ್ತೀನಿ.