ಅಪ್‌ಡೇಟ್: ಎಂಟು ತಿಂಗಳಾಯಿತು, ಉಳಿತಾಯ ನಿಂತಿಲ್ಲ

ಗಾರ್ಮೆಂಟ್ಸ್ ಕೆಲಸ, ಸಂಬಳ 14 ಸಾವಿರ, ನಾನೊಬ್ಬಳೇ ಮಗಳನ್ನು ಸಾಕಬೇಕು, ಹೇಗೆ ಉಳಿಸಲಿ ಎಂದು ಕೇಳಿದ್ದೆ. ಖರ್ಚಿಗೆ ಮುಂಚೆ ಎತ್ತಿಡಿ, ಚೀಟಿ ಬೇಡ, ಅಂಚೆ ಕಚೇರಿಗೆ ಹೋಗಿ ಅಂದಿದ್ದಿರಿ. ಹಾಗೇ ಮಾಡಿದೆ.

ಸಂಬಳ ಬರೋದು 7ಕ್ಕೆ. ಅಂಚೆ ಕಚೇರಿಯಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ ಖಾತೆಯನ್ನು 15ರೊಳಗೆ ತೆರೆದರೆ ಪ್ರತಿ ತಿಂಗಳೂ 15ರೊಳಗೆ ಕಂತು ಕಟ್ಟಬೇಕು, ನನಗೆ ಅದೇ ಸರಿ. ಆರ್‌ಡಿಗೆ 1,000, ಮಗಳ ಸುಕನ್ಯಾ ಖಾತೆಗೆ 500. ಕ್ಯಾತ್ಸಂದ್ರದಿಂದ ತುಮಕೂರಿಗೆ ಶಕ್ತಿ ಯೋಜನೆಯ ಬಸ್ಸಿನಲ್ಲೇ ಓಡಾಟ. ಆಟೋಗೆ ಹೋಗುತ್ತಿದ್ದ ದುಡ್ಡು ರಾಗಿ ಡಬ್ಬದ ಹಿಂದಿನ ಸ್ಟೀಲ್ ಡಬ್ಬಿಗೆ.

ನಾಲ್ಕನೇ ತಿಂಗಳು ಮಗಳಿಗೆ ಜ್ವರ ಬಂತು, ನಾಲ್ಕು ದಿನದ ಸಂಬಳ ಹೋಯಿತು. ಡಬ್ಬಿ ಖಾಲಿ, ಆರ್‌ಡಿ ಕಂತೂ ತಪ್ಪಿತು. ಎಲ್ಲಾ ಮುಗೀತು ಅಂತ ಅತ್ತುಬಿಟ್ಟೆ. ಕೌಂಟರಿನಲ್ಲಿದ್ದ ಅಕ್ಕ, 'ನೂರಕ್ಕೆ ಒಂದು ರೂಪಾಯಿ ದಂಡ, ಅಷ್ಟೇ ಅಲ್ವಾ' ಅಂದರು. ಮುಂದಿನ ತಿಂಗಳು ಬಾಕಿ ಕಂತಿನ ಜೊತೆ 10 ರೂಪಾಯಿ ಸೇರಿಸಿ ಕಟ್ಟಿದೆ.

ಈಗ ಆರ್‌ಡಿಯಲ್ಲಿ 8,000, ಸುಕನ್ಯಾದಲ್ಲಿ 4,000. ಹನ್ನೆರಡು ಕಂತಾದರೆ ಕಟ್ಟಿದ ದುಡ್ಡಿನ ಅರ್ಧದಷ್ಟು ಸಾಲವೂ ಸಿಗುತ್ತದಂತೆ. ಇನ್ನು ಬಡ್ಡಿಗೆ ಸಾಲ ಕೇಳಿಕೊಂಡು ಯಾರ ಬಾಗಿಲಿಗೂ ಹೋಗಬೇಕಿಲ್ಲ.

ಪಾಸ್‌ಬುಕ್ಕಿಗೆ ಮಗಳೇ ಬಟ್ಟೆ ಚೀಲ ಹೊಲಿದುಕೊಟ್ಟಿದ್ದಾಳೆ. ಪ್ರತಿ ಸಲ ಹೊಸ ಸೀಲನ್ನು ಬೆರಳಿಟ್ಟು ಎಣಿಸುತ್ತಾಳೆ. ನಿಮಗೆಲ್ಲ ತುಂಬಾ ಥ್ಯಾಂಕ್ಸ್.