ಪದಚರ್ಚೆ: ಮಂದಸು, ಮಜೂಸ, ಮಂದೂಸ್

ಪ್ರಶ್ನೆ: ಗುಜರಾತಿನ ಕಾಠಿಯಾವಾಡದಲ್ಲಿ ಮದುಮಗಳ ಜತೆ ಕಳಿಸುವ ಮರದ ದೊಡ್ಡ ಪೆಟ್ಟಿಗೆಗೆ ‘ಮಜೂಸ’ ಎನ್ನುತ್ತಾರೆ. ಮಸ್ಕತ್ತಿನ ಮುತ್ರಾ ಪೇಟೆಯಲ್ಲಿ ಸಿಗುವ, ಹಿತ್ತಾಳೆ ಮೊಳೆ ಸಾಲುಸಾಲಾಗಿ ಹೊಡೆದದ್ದು ‘ಮಂದೂಸ್’. ಹಳೆ ಸಾಮಾನಿನ ಪಟ್ಟಿಯೊಂದನ್ನು ಕನ್ನಡಕ್ಕೆ ತರುವಾಗ ಎರಡಕ್ಕೂ ‘ಮಂದಸು’ ಅನ್ನಬಹುದೇ? ಬರೀ ‘ಪೆಟ್ಟಿಗೆ’ ಎಂದರೆ ಬೆಂಕಿಪೆಟ್ಟಿಗೆಯೂ ಪೆಟ್ಟಿಗೆಯೇ.

ಉತ್ತರ: ಮಜೂಸಕ್ಕೆ ಧಾರಾಳವಾಗಿ ಅನ್ನಿ. ಮಂದಸು, ಮಜೂಸ ಎರಡೂ ಸಂಸ್ಕೃತದ ಮಂಜೂಷೆಯಿಂದಲೇ ಬಂದವು. ನಮ್ಮಲ್ಲಿ ‘ಷ’ ಹೋಗಿ ‘ಸ’, ‘ಜ’ ಹೋಗಿ ‘ದ’, ದೀರ್ಘವೂ ಕುಗ್ಗಿತು. ಗುಜರಾತಿಯಲ್ಲಿ ಸೊನ್ನೆ ಬಿದ್ದುಹೋಯಿತು, ದೀರ್ಘ ಉಳಿಯಿತು. ಬೈಬಲ್ಲಿನ ಒಡಂಬಡಿಕೆಯ ಪೆಟ್ಟಿಗೆಗೆ ತೆಲುಗಿನಲ್ಲಿ ‘ಮಂದಸಮು’, ಕನ್ನಡದಲ್ಲಿ ‘ಮಂಜೂಷ’. ಕುಂತಿ ಕರ್ಣನನ್ನು ತೇಲಿಬಿಟ್ಟದ್ದೂ ಮೇಣ ಮೆತ್ತಿದ ಮಂಜೂಷೆಯಲ್ಲೇ. ಅಂದರೆ ಭದ್ರವಾಗಿ ಮುಚ್ಚುವ, ಬೆಲೆಯುಳ್ಳದ್ದನ್ನು ಕಾಪಾಡುವ ಪೆಟ್ಟಿಗೆ. ಕರಾವಳಿಯ ಅಕ್ಕಿ ತುಂಬುವ ಕಲೆಂಬಿಯನ್ನು ಇದಕ್ಕೆ ಸೇರಿಸಬೇಡಿ. ಅದು ಕಣಜದ ಬಳಗ.

ಮಂದೂಸಿಗೆ ಅದರ ಹೆಸರನ್ನೇ ಇಟ್ಟು, ಪಕ್ಕದಲ್ಲಿ ‘ಒಮಾನಿ ಮಂದಸು’ ಎಂದು ಬಿಡಿಸಿ ಬರೆಯಿರಿ. ಅರಬ್ಬಿಗೆ ತನ್ನದೇ ‘ಸಂದೂಕ್’ ಇದೆ, ನಮ್ಮ ಸಂದೂಕ ಬಂದದ್ದು ಅಲ್ಲಿಂದಲೇ. ಸೂರತ್, ಮುಂಬಯಿ, ಮಲಬಾರಿನಿಂದ ಇಂಥ ಪೆಟ್ಟಿಗೆಗಳು ಹಡಗೇರಿ ಒಮಾನಿಗೂ ಜಂಜಿಬಾರಿಗೂ ಹೋಗುತ್ತಿದ್ದವು. ಸರಕಿನ ಜತೆ ಹೆಸರೂ ಹೋಗಿರಬೇಕು ಎಂಬುದು ನನ್ನ ಊಹೆ.

ಮಾಟ ಮಾತ್ರ ಬೇರೆ, ಪಟ್ಟಿಯಲ್ಲಿ ಅದು ಕಾಣಲೇಬೇಕು. ಮಜೂಸಕ್ಕೆ ಅಡಿಯಲ್ಲಿ ಮರದ ಗಾಲಿ. ನೆತ್ತಿಯ ಮೇಲೆ ಕೌದಿಗಳ ರಾಶಿ ಒಟ್ಟುವುದರಿಂದ ಬಾಗಿಲು ಮುಂಬದಿಯಲ್ಲಿ. ಮಂದೂಸಿನ ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಕೆಳಗೆ ಸಾಮಾನ್ಯವಾಗಿ 2 ಅಥವಾ 3 ಡ್ರಾಯರ್, ಒಳಗೊಂದು ಪಕ್ಕದಲ್ಲಿ ಚಿಲ್ಲರೆ ಒಡವೆಗೆ ಕಿರುಖಾನೆ. ಮನೆಯ ಮಾಡಿನಂತೆ ಮುಚ್ಚಳ ಇಳಿಜಾರಾಗಿದ್ದರೆ ಅದು ಕೇರಳದ ನೆಟ್ಟೂರ್ ಪೆಟ್ಟಿ; ಅದನ್ನು ಅನುವಾದಿಸಲು ಹೋಗಬೇಡಿ.

ಇನ್ನೆರಡು ಕಡೆ ಎಡವುತ್ತಾರೆ. ಶೀಶಮ್ ಎಂದಿದ್ದಲ್ಲಿ ‘ಬೀಟೆ’ ಎಂದು ಬರೆಯುತ್ತಾರೆ. ಎರಡೂ ಒಂದೇ ಕುಲದವು, ಆದರೆ ಮರ ಬೇರೆ ಬೇರೆ. ಇನ್ನೊಂದು, ‘ಹಿತ್ತಾಳೆಗೆ ತುಕ್ಕು’. ಹಿತ್ತಾಳೆಗೆ ಹಿಡಿಯುವುದು ಹಸಿರು ಕಿಲುಬು. ಹುಣಸೆಹುಳಿಯಲ್ಲಿ ತಿಕ್ಕಿ ಸರಿಯಾಗಿ ಒರೆಸದಿದ್ದರೆ ಹುಳಿ ಮೊಳೆತಲೆಯ ಅಡಿಗೆ ಇಳಿದು ಅಲ್ಲಿ ಕಿಲುಬು ಕಟ್ಟುತ್ತದೆ. ಮೊಳೆಯ ಸುತ್ತ ಮರವೇ ಕಪ್ಪಾಗಿದ್ದರೆ ಒಳಗಿರುವುದು ಕಬ್ಬಿಣ: ತೇವ ತಾಗಿದಾಗ ಅದು ಮರದ ಒಗರಿನೊಡನೆ ಸೇರಿ ಮಸಿಯಂತೆ ಹರಡುತ್ತದೆ. ಅಲ್ಲಿ ‘ತುಕ್ಕಿನ ಕಲೆ’ ಎಂದು ಬರೆದರೆ ಸರಿ.